ಪೈಲ್ವಾನನ ಕುಡಿಕೆ

ನಮ್ಮೂರ ಮಣ್ಣಿಗೆ ಹೊಗಳಿಕೆ ಆಗಿಬರುವುದಿಲ್ಲ. ಹೂಜಿ, ಮಡಕೆ, ಹಣತೆ ಏನು ಬೇಕಾದರೂ ಮಾಡಿ, ಅದು ತಕರಾರು ಎತ್ತುವುದಿಲ್ಲ. ಸತ್ತುಹೋದ ನಾಯಿಯದೋ ಬೆಕ್ಕಿನದೋ ಬೂದಿ ಕಲಸಿ ಕುಡಿಕೆ ಮಾಡುವಾಗ ಮಾತ್ರ ಅದಕ್ಕೆ ಎಲ್ಲಿಲ್ಲದ ಕಿವಿ ಬಂದುಬಿಡುತ್ತದೆ. ಪಕ್ಕದಲ್ಲಿ ಕೂತವರು ನಮ್ಮ ಬೆಕ್ಕು ಅಪರಂಜಿ, ನಮ್ಮ ನಾಯಿ ದೇವರಂಥದ್ದು ಎಂದು ಶುರುಮಾಡಿದರೋ, ಆ ಕುಡಿಕೆ ಆವಿಗೆಯ ಬೆಂಕಿಯಲ್ಲಿ ಹೋಳಾಗುತ್ತದೆ. ಅದಕ್ಕೇ ನಮ್ಮಲ್ಲಿ ಸಾಕಿದ ಪ್ರಾಣಿ ತೀರಿಕೊಂಡರೆ ಮನೆಯವರು ಬೂದಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು ನನ್ನ ಅಂಗಳಕ್ಕೆ ಬರುತ್ತಾರೆ. ಮಡಕೆ ತಿರುಗಿಸುವ ತಿಗರಿಯ ಪಕ್ಕದ ಮಣೆಯ ಮೇಲೆ ಕೂತು, ನಾನು ಮಣ್ಣು ನಾದಿ ಮುಗಿಸುವ ತನಕ ಆ ಪ್ರಾಣಿಯ ಮೇಲೆ ದೂರು ಹೇಳುತ್ತಾರೆ. ಒಂದು ಹಿಡಿ ಬೂದಿ ಮಣ್ಣಿಗೆ ಹೋಗುತ್ತದೆ, ಉಳಿದದ್ದು ಸುಟ್ಟಮೇಲೆ ಕುಡಿಕೆಯೊಳಗೆ.

ದೂರು ಸರಿಯಾಗಿದ್ದರೆ ಕುಡಿಕೆ ಗಟ್ಟಿಯಾಗಿ ಬರುತ್ತದೆ, ಬಂದಮೇಲೆ ಪೂರ್ತಿ ತಣ್ಣಗಾಗುವುದೂ ಇಲ್ಲ. ಬದುಕಿದ್ದಾಗ ಆ ಪ್ರಾಣಿಯ ಹೊಟ್ಟೆ ಎಷ್ಟು ಬೆಚ್ಚಗಿತ್ತೋ ಅಷ್ಟೇ ಬೆಚ್ಚಗೆ ವರ್ಷಗಟ್ಟಲೆ ಇರುತ್ತದೆ. ಚಳಿಗಾಲದ ಬೆಳಿಗ್ಗೆ ನಮ್ಮ ಬೀದಿಯಲ್ಲಿ ಒಂದು ಸುತ್ತು ಹಾಕಿದರೆ ಪ್ರತಿ ಜಗಲಿಯ ಮೇಲೂ ಯಾರಾದರೊಬ್ಬರು ಮಡಿಲಲ್ಲಿ ಕುಡಿಕೆ ಇಟ್ಟುಕೊಂಡು ಕಾಫಿ ಕುಡಿಯುತ್ತಿರುತ್ತಾರೆ. ಬೆಕ್ಕಿನ ಕುಡಿಕೆಗೆ ಬಿಸಿ ಒಂದು ಕೈ ಜಾಸ್ತಿ. ಆಮೆಯದು ತಣ್ಣಗೇ ಇರುತ್ತದೆ, ಆ ಮನೆಯವರು ಬೇಸಿಗೆಯಲ್ಲಿ ಅದನ್ನು ಕೆನ್ನೆಗೆ ಒತ್ತಿಕೊಂಡು ಮಲಗುತ್ತಾರೆ.

ನಮಗೆ ಇದೆಲ್ಲ ರೂಢಿ. ನಾಯಿ ಚಪ್ಪಲಿ ಕಚ್ಚಿಕೊಂಡು ಓಡಿದರೆ ನಮ್ಮೂರಿನವರು ಅಟ್ಟಿಸಿಕೊಂಡು ಹೋಗುತ್ತಲೇ, ಇರಲಿ, ಕುಡಿಕೆಗೆ ಒಂದು ಆಯಿತು ಅನ್ನುತ್ತಾರೆ. ಹಿಟ್ಟಿನ ಗಿರಣಿಯ ಹುಚ್ಚೂರಪ್ಪ ತನ್ನ ಮೇಕೆ ಸತ್ತಾಗ ಮೂಗು ಒರೆಸಿಕೊಳ್ಳುತ್ತ ಬಂದು ಕೂತಿದ್ದ. ಅದು ಮಗಳ ಮದುವೆಯ ಲಗ್ನಪತ್ರಿಕೆಗಳನ್ನು ಕಟ್ಟುಸಮೇತ ತಿಂದದ್ದು, ಬೀಗರ ಶಲ್ಯ ಹಿಡಿದೆಳೆದು ಅವರನ್ನು ಚರಂಡಿಯ ತನಕ ಕರೆದುಕೊಂಡು ಹೋದದ್ದು ಎಲ್ಲ ಹೇಳುತ್ತ ಹೇಳುತ್ತ ಹೊಟ್ಟೆ ಹಿಡಿದುಕೊಂಡು ನಕ್ಕ. ಬೇರೆ ಊರಿಂದ ಬಂದ ಒಬ್ಬ ಹೊಸ ಸೊಸೆ ತವರಿಂದ ತಂದ ಗಿಣಿ ಸತ್ತಾಗ ಅದರ ಗುಣಗಾನ ಮಾಡಿ ಒಂದು ಕುಡಿಕೆ ಒಡೆಸಿಕೊಂಡಳು. ಎರಡನೇ ಸಲ, ಪಕ್ಕದಲ್ಲಿ ಕೂತ ಅತ್ತೆಯ ಕಡೆ ಕಳ್ಳನೋಟ ನೋಡುತ್ತ, ಅದು ಅತ್ತೆ ಬೈಯುವ ಹಾಗೇ ಬೈಯುತ್ತಿತ್ತು ಎಂದು ಮೆಲ್ಲಗೆ ಹೇಳಿದಳು. ಅತ್ತೆ, ಹೌದು, ಅದೂ ನನ್ನ ಕೆಮ್ಮು ಸಮೇತ, ಅಂದಳು. ಆ ಕುಡಿಕೆಯೂ ಚೆನ್ನಾಗಿ ಬಂತು, ಆ ಮನೆಯೂ ಚೆನ್ನಾಗಿದೆ. ಅಳುತ್ತ ಬಂದವರು ನಗುತ್ತ ಏಳುವ ಕೆಲಸ ಇನ್ನೆಲ್ಲಿ ಸಿಗಬೇಕು? ನನಗೆ ಇದು ಇಷ್ಟ.

ವನಜಾಕ್ಷಮ್ಮ ಬಂದದ್ದು ಮಾಘದ ಚಳಿಯಲ್ಲಿ. ಸೈಕಲ್ ಅಂಗಡಿಯ ಶೇಷಾದ್ರಿಯವರ ಹೆಂಡತಿ. ಗಂಡ ತೀರಿಕೊಂಡು ಐದಾರು ವರ್ಷವಾಗಿತ್ತು, ಅಂಗಡಿಗೆ ಬೀಗ ಬಿದ್ದಿತ್ತು. ಮಕ್ಕಳಿರಲಿಲ್ಲ. ಇದ್ದದ್ದು ಪೈಲ್ವಾನ ಅನ್ನುವ ಒಂದು ನಾಯಿ. ಹೆಸರಿಗಷ್ಟೇ ಪೈಲ್ವಾನ, ನೋಡಿದರೆ ಪಕ್ಕೆಲುಬು ಎಣಿಸಬಹುದಿತ್ತು. ಆದರೆ ಆ ನಾಯಿಯ ಕೀರ್ತಿ ಮಾತ್ರ ಊರಿಗೆಲ್ಲ ಹರಡಿತ್ತು, ಹರಡಿದವರು ವನಜಾಕ್ಷಮ್ಮನೇ. ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ, ಗಿರಣಿಯಲ್ಲಿ, ಕೊಳಾಯಿಯ ಹತ್ತಿರ, ಎಲ್ಲಿ ಸಿಕ್ಕರೂ ಅದೇ ಮಾತು. ನಾನಿಲ್ಲದೆ ಅವನು ಒಂದು ತೊಟ್ಟು ನೀರು ಕುಡಿಯಲ್ಲ, ನನ್ನ ಕಾಲು ಬಿಟ್ಟು ಮಲಗಲ್ಲ, ನನಗೆ ತಲೆನೋವು ಬಂದರೆ ಅವನ ಕಣ್ಣಲ್ಲಿ ನೀರು. ಕೇಳಿ ಕೇಳಿ ನಮ್ಮ ಮನೆಯಲ್ಲೂ ಅದೊಂದು ಮಾತಾಗಿತ್ತು. ನಾನು ಕೂಗಿದ್ದು ನಮ್ಮ ಯಜಮಾನರಿಗೆ ಕೇಳಿಸದಿದ್ದರೆ, ಪೈಲ್ವಾನನನ್ನು ನೋಡಿ ಕಲಿತುಕೊಳ್ಳಿ ಅನ್ನುತ್ತಿದ್ದೆ.

ಅಂಥ ನಾಯಿ ಸತ್ತಿತ್ತು. ವನಜಾಕ್ಷಮ್ಮ ಮಣೆಯ ಮೇಲೆ ಕೂತು, ಗಂಟನ್ನು ಮಡಿಲಲ್ಲಿಟ್ಟುಕೊಂಡು, ನನಗೆ ಒಂದು ಒಳ್ಳೇ ಕುಡಿಕೆ ಬೇಕು ತಾಯಮ್ಮ, ಕೂತರೂ ನಿಂತರೂ ಜೊತೆಗಿರಬೇಕು ಅಂದರು. ಗಂಟು ಬಿಚ್ಚಿ ನೋಡಿದೆ. ಒಣಕಲು ನಾಯಿಯ ಬೂದಿ ಎಷ್ಟಿರುತ್ತದೆ? ಹೆಚ್ಚೆಂದರೆ ಮೂರು ಹಿಡಿ, ಮೇಲೊಂದು ಚೂರು. ಮಣ್ಣಿಗೆ ನೀರು ಚಿಮುಕಿಸಿ, ಹೇಳಿ ವನಜಕ್ಕ, ಏನೇನು ಕಾಟ ಕೊಟ್ಟ, ಅಂದೆ. ಅವರು ತಲೆಯಾಡಿಸಿದರು. ಕಾಟ ಅನ್ನುವ ಮಾತೇ ಇಲ್ಲವಂತೆ. ಇಷ್ಟು ವರ್ಷ ಕೊಳಾಯಿಯ ಹತ್ತಿರ ಕೇಳಿದ್ದನ್ನೇ ಮತ್ತೆ ಕೇಳಿದೆ. ನಾನು ಎರಡು ಸಲ ತಡೆದೆ, ಊರಿನ ಪದ್ಧತಿ ನಿಮಗೆ ಗೊತ್ತಿಲ್ಲದ್ದೇನಲ್ಲ ಎಂದೆ. ಇಲ್ಲದ ತಪ್ಪನ್ನು ಎಲ್ಲಿಂದ ತರಲಿ ಎಂದು ಅವರು ಮುಖ ಗಂಟು ಹಾಕಿಕೊಂಡರು. ವಯಸ್ಸಿನಲ್ಲಿ ದೊಡ್ಡವರು, ದುಃಖದಲ್ಲಿರುವವರು, ಎಷ್ಟು ಅಂತ ವಾದ ಮಾಡುವುದು?

ಕುಡಿಕೆ ಒಡೆಯಿತು. ನಮ್ಮ ಯಜಮಾನರು ಆವಿಗೆಯ ಬೂದಿ ಸರಿಸಿ, ಹೂಜಿಗಳ ನಡುವಿಂದ ಎರಡು ಹೋಳು ಎತ್ತಿ ನನ್ನ ಮುಂದಿಟ್ಟರು. ಸುಟ್ಟ ಮಣ್ಣು ಮತ್ತೆ ಹಸಿಮಣ್ಣಾಗುವುದಿಲ್ಲ, ಅದರಲ್ಲಿ ಬೆರೆತ ಬೂದಿ ಹೋದದ್ದು ಹೋದಂತೆಯೇ. ವನಜಾಕ್ಷಮ್ಮ ಹೋಳುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋದರು.

ವಾರ ಕಳೆದು ಮತ್ತೆ ಬಂದರು. ಈ ಸಲ ತಯಾರಾಗಿ ಬಂದಂತಿತ್ತು. ಮಣೆಯ ಮೇಲೆ ಕೂತವರೇ ದೂರುಗಳನ್ನು ಒಂದರ ಹಿಂದೆ ಒಂದು ಒಪ್ಪಿಸಿದರು. ಯುಗಾದಿಯ ದಿನ ಹೋಳಿಗೆ ಕದ್ದ, ಹಾಸಿಗೆ ಒದ್ದೆ ಮಾಡಿದ, ನನ್ನ ಮಡಿಲು ಬಿಟ್ಟು ಇಳಿಯದೆ ಅಡಿಗೆ ಮಾಡಲು ಬಿಡಲಿಲ್ಲ. ಹೇಳುವಾಗ ಒಂದು ಸಲವೂ ನಗು ಬರಲಿಲ್ಲ ಅವರಿಗೆ. ನನಗೆ ಅನುಮಾನ ಬಂತು. ಹೋಳಿಗೆ ಕದ್ದ ನಾಯಿಯ ಕಥೆಯನ್ನು ಯಾರಾದರೂ ನಗದೆ ಹೇಳುತ್ತಾರೆಯೇ? ಆದರೂ ನಾದಿದೆ, ತಿಗರಿಗೆ ಹಾಕಿದೆ, ಕುತ್ತಿಗೆ ಎಳೆದು ಕೂರಿಸಿದೆ. ಅದೂ ಒಡೆಯಿತು, ಈ ಸಲ ಚೂರುಚೂರಾಗಿ. ಹೊಗಳಿಕೆಗಿಂತ ಕಟ್ಟುಕಥೆ ಕಂಡರೆ ಈ ಮಣ್ಣಿಗೆ ಇನ್ನಷ್ಟು ಸಿಟ್ಟು.

ಊರೆಂದಮೇಲೆ ಮಾತು ಬರದೆ ಇರುತ್ತದೆಯೇ? ವನಜಾಕ್ಷಮ್ಮನ ಕುಡಿಕೆ ಎರಡು ಸಲ ಹೋಯಿತಂತೆ ಎನ್ನುವುದು ಗಿರಣಿಯಲ್ಲಿ ಹಿಟ್ಟಿಗಿಂತ ಮೊದಲು ಜನರ ಕೈ ಸೇರಿತು. ಹುಚ್ಚೂರಪ್ಪ ನನ್ನ ಹತ್ತಿರ ಬಂದು, ಆ ನಾಯಿ ದಿನಾ ಸಂಜೆ ಬೀಗ ಹಾಕಿದ ಸೈಕಲ್ ಅಂಗಡಿಯ ಮುಂದೆ ಮಲಗಿರುತ್ತಿತ್ತಲ್ಲ, ಅವರ ಕಾಲ ಹತ್ತಿರ ಮಲಗುತ್ತಿದ್ದದ್ದು ಯಾವಾಗ ಎಂದು ಕೇಳಿದ. ಅದೆಲ್ಲ ನಿನಗ್ಯಾಕೆ, ರಾಗಿ ಬೀಸು ಹೋಗು ಎಂದು ಕಳಿಸಿದೆ. ಆದರೆ ಅವನು ಹೇಳಿದಮೇಲೆ ನನಗೂ ಒಂದೊಂದೇ ಕಣ್ಣ ಮುಂದೆ ಬಂತು. ವನಜಾಕ್ಷಮ್ಮನೂ ಪೈಲ್ವಾನನೂ ಬೀದಿಯಲ್ಲಿ ಬರುವಾಗ ನಾಯಿ ಯಾವಾಗಲೂ ನಾಲ್ಕು ಮಾರು ಮುಂದಿರುತ್ತಿತ್ತು. ಇವರು ಹಿಂದಿನಿಂದ ಅದರ ಹತ್ತಿರ ಮಾತಾಡಿಕೊಂಡು ಬರುತ್ತಿದ್ದರು, ಅದು ಒಂದು ಸಲವೂ ತಿರುಗಿ ನೋಡಿದ್ದು ನನಗೆ ನೆನಪಿಲ್ಲ.

ಮೂರನೇ ಸಲ ಅವರು ಬರುವುದಕ್ಕೆ ಬಹಳ ದಿನ ಹಿಡಿಯಿತು. ಬಿಸಿಲು ಏರಿದ ಹೊತ್ತು, ನಾನು ಹೂಜಿಗಳನ್ನು ನೆರಳಿಗೆ ಸರಿಸುತ್ತಿದ್ದೆ, ನಮ್ಮ ಯಜಮಾನರು ಅತ್ತ ಆವಿಗೆಗೆ ಕುಳ್ಳು ಒಟ್ಟುತ್ತಿದ್ದರು. ವನಜಾಕ್ಷಮ್ಮ ಇಳಿದುಹೋಗಿದ್ದರು. ಗಂಟು ಈಗ ನಿಂಬೆಹಣ್ಣಿನಷ್ಟಾಗಿತ್ತು. ಒಂದು ಹಿಡಿ ಮಣ್ಣಿಗೆ ಹಾಕಿದರೆ ಒಳಗಿಡಲು ಒಂದು ಚಿಟಿಕೆ ಉಳಿದರೆ ಹೆಚ್ಚು. ಇದೂ ಹೋದರೆ ತಮಗೆ ಏನೂ ಉಳಿಯುವುದಿಲ್ಲ ಅನ್ನುವುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ದೂರು ಗೀರು ಏನೂ ಇಲ್ಲದೆ, ಸುಮ್ಮನೆ ಮಾಡಿಕೊಡಲು ಆಗುವುದಿಲ್ಲವೇ ಎಂದು ಕೇಳಿದರು. ಆಗುವುದಿಲ್ಲ ಎಂದೆ. ಸುಮ್ಮನೆ ಮಾಡಿದ್ದು ಒಡೆಯುವುದಿಲ್ಲ, ಆದರೆ ಬೆಚ್ಚಗೂ ಇರುವುದಿಲ್ಲ. ಉಪ್ಪು ಹಾಕಿಡುವ ಕುಡಿಕೆಯಂತೆ ಇರುತ್ತದೆ ಅಷ್ಟೆ.

ಮಣ್ಣು ತೆಗೆದುಕೊಂಡು ಹಲಗೆಯ ಮೇಲೆ ಹಾಕಿದೆ. ಅವರ ಮುಖ ನೋಡಲಿಲ್ಲ. ನಾದುತ್ತ ಹೋದೆ. ಅವರು ಗಂಟು ಬಿಚ್ಚಿ, ಒಂದು ಚಿಟಿಕೆ ಉಳಿಸಿಕೊಂಡು, ಬೂದಿಯನ್ನು ತಾವೇ ಮಣ್ಣಿನ ಮೇಲೆ ಉದುರಿಸಿದರು, ಅಂಗೈಗೆ ಅಂಟಿದ್ದನ್ನೂ ಕೊಡವಿದರು. ಆಮೇಲೆ ಎಷ್ಟೋ ಹೊತ್ತು ಕೈ ಕಟ್ಟಿ ಕೂತಿದ್ದರು. ಮಣ್ಣು ಹದಕ್ಕೆ ಬರುತ್ತಿತ್ತು. ಇನ್ನು ಸ್ವಲ್ಪ ಹೊತ್ತಿಗೆ ತಿಗರಿಗೆ ಹಾಕಬೇಕು, ಹಾಕಿದಮೇಲೆ ಹೇಳಿದ್ದು ಮಣ್ಣಿಗೆ ಹತ್ತುವುದಿಲ್ಲ. ನಾನು ಬೇಕೆಂದೇ ನಿಧಾನ ಮಾಡಿದೆ.

“ಅವನು ನನ್ನ ನಾಯಿ ಅಲ್ಲ ತಾಯಮ್ಮ,” ಅಂದರು ವನಜಾಕ್ಷಮ್ಮ. “ಅವರ ನಾಯಿ. ಅವರು ಹೋದಮೇಲೂ ಅವರದೇ. ನಾನು ಅನ್ನ ಹಾಕೋಳು, ಅಷ್ಟೆ.”

ನನ್ನ ಕೈ ನಿಂತಿತು. ನಿಲ್ಲಿಸಬೇಡ, ನಾದು ಅಂದರು. ನಾದಿದೆ.

ಶೇಷಾದ್ರಿಯವರು ಇದ್ದಾಗ ನಾಯಿ ಅವರ ಸೈಕಲ್ಲಿನ ಹಿಂದೆಯೇ ಅಂಗಡಿಗೆ ಓಡುತ್ತಿತ್ತಂತೆ, ಅವರ ಸೈಕಲ್ಲಿನ ಹಿಂದೆಯೇ ಮನೆಗೆ ಬರುತ್ತಿತ್ತಂತೆ. ಅವರು ಹೋದಮೇಲೆ ಅದು ಅಂಗಡಿಯ ಮೆಟ್ಟಿಲು ಬಿಡಲಿಲ್ಲ. ಇವರು ಹೋಗಿ ಕರೆದರೆ ಬರುತ್ತಿತ್ತು. ಅದೂ ಇವರು ಕರೆದರು ಅಂತಲ್ಲ, ಮನೆಗೆ ಹೋಗುವ ಹೊತ್ತಾಯಿತು ಅಂತ. ಅನ್ನದ ತಟ್ಟೆ ಇಟ್ಟು ಇವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡಮೇಲೆಯೇ ಬಾಯಿ ಹಾಕುತ್ತಿತ್ತು. ಕಿಟಕಿಯ ಪರದೆ ಸರಿಸಿ ನೋಡಿದರೂ ಅದಕ್ಕೆ ಗೊತ್ತಾಗಿಬಿಡುತ್ತಿತ್ತು, ತಿನ್ನುವುದನ್ನು ಬಿಟ್ಟು ತಲೆ ಎತ್ತಿ ನಿಲ್ಲುತ್ತಿತ್ತು.

“ಕಚ್ಚಿದ್ರೆ, ಗುರ್ ಅಂದಿದ್ರೆ ನಿನಗೆ ಹೇಳೋಕೆ ಏನಾದ್ರೂ ಇರ್ತಿತ್ತು. ಅದೇನೂ ಮಾಡ್ತಿರ್ಲಿಲ್ಲ. ನಾನು ಹೋಗಿ ಪಕ್ಕದಲ್ಲಿ ಕೂತ್ರೆ ಮರ್ಯಾದೆಯಾಗಿ ಎದ್ದು ಆಚೆ ಹೋಗಿ ಮಲಗೋನು. ಬಸ್ಸಲ್ಲಿ ಗುರುತಿಲ್ಲದೋರು ಪಕ್ಕಕ್ಕೆ ಬಂದ್ರೆ ಸರ್ಕೊಳ್ತೀವಲ್ಲ, ಹಾಗೆ. ಒಂದು ದಿನ ಮೈ ಮುಟ್ಟೋಕೆ ಬಿಡ್ಲಿಲ್ಲ ತಾಯಮ್ಮ. ಮುಟ್ಟೋಕೆ ಸಿಕ್ಕಿದ್ದು ಸತ್ತಮೇಲೇ. ಆಗ ತಣ್ಣಗಾಗಿದ್ದ.”

ಹಾಗಾದರೆ ಊರಿಗೆಲ್ಲ ಆ ಮಾತನ್ನು ಯಾಕೆ ಹೇಳಿಕೊಂಡು ಬಂದಿರಿ ಎಂದು ನಾನು ಕೇಳಲಿಲ್ಲ, ಅವರೇ ಹೇಳಿದರು. ಗಂಡ ಹೋದ ಹೊಸದರಲ್ಲಿ ನೋಡಿದವರೆಲ್ಲ ಅಯ್ಯೋ ಪಾಪ, ಒಬ್ಬರೇ ಆದಿರಲ್ಲ ಅನ್ನುತ್ತಿದ್ದರಂತೆ. ಒಂದು ದಿನ ಬಾಯಿತಪ್ಪಿ, ಒಬ್ಬಳೇ ಯಾಕೆ, ಪೈಲ್ವಾನ ಇದಾನಲ್ಲ, ನನ್ನ ಬಿಟ್ಟಿರಲ್ಲ ಅಂದರು. ಕೇಳಿದವರ ಮುಖ ಅರಳಿತು. ಆಮೇಲೆ ದಿನಕ್ಕೊಂದು ಸೇರಿಸುತ್ತ ಹೋದರು. ಹೇಳಿಕೊಂಡು ಮನೆಗೆ ಬರುವಾಗ ಅದು ಸ್ವಲ್ಪ ನಿಜವೇ ಅನಿಸುತ್ತಿತ್ತಂತೆ, ಬಾಗಿಲು ತೆರೆದಮೇಲೆ ಅದು ತನ್ನ ಮೂಲೆಯಿಂದ ಒಂದು ಸಲ ನೋಡಿ ಕಣ್ಣು ಮುಚ್ಚುವ ತನಕ.

“ಅಂಥವನಿಗೆ ಕುಡಿಕೆ ಯಾಕೆ ಬೇಕು ವನಜಕ್ಕ?” ಅಂದೆ. ಕುಹಕಕ್ಕಲ್ಲ. ನಿಜವಾಗಿ ನನಗೆ ತಿಳಿಯಲಿಲ್ಲ.

ಅವರು ನನ್ನನ್ನು ದಡ್ಡಿಯನ್ನು ನೋಡುವ ಹಾಗೆ ನೋಡಿದರು. “ಅವನಿಗೆ ನಾನು ಬೇಕಾಗಿರ್ಲಿಲ್ಲ. ನನಗೆ ಅವನು ಬೇಕಾಗಿರ್ಲಿಲ್ಲ ಅಂತ ಯಾರು ಹೇಳಿದ್ದು?”

ಅದನ್ನು ಹೇಳಿದ್ದೇ ತಡ, ಅವರಿಗೆ ಸಿಟ್ಟು ಬಂತು. ಇಷ್ಟು ವರ್ಷ ನುಂಗಿಕೊಂಡಿದ್ದ ಸಿಟ್ಟು. ಬೆನ್ನು ನೆಟ್ಟಗೆ ಮಾಡಿ ಕೂತು ಮಣ್ಣಿನ ಮುದ್ದೆಯನ್ನೇ ದುರುಗುಟ್ಟಿ ನೋಡುತ್ತ ಬೈಯತೊಡಗಿದರು. ಇಷ್ಟು ವರ್ಷ ಬಿಸಿಬಿಸಿ ಅನ್ನ ಹಾಕಿದೀನಿ, ಒಂದ್ಸಲ ಬಾಲ ಆಡಿಸಿದ್ದರೆ ನಿನ್ನ ಗಂಟೇನು ಹೋಗ್ತಿತ್ತು ಎಂದು ಕೇಳಿದರು. ನನಗೆ ಜ್ವರ ಬಂದು ಮೂಲೆ ಹಿಡಿದಾಗ ಬಾಗಿಲ ತನಕ ಬಂದು, ಅನ್ನ ಇವತ್ತು ತಡ ಅಂತ ಗೊತ್ತುಮಾಡಿಕೊಂಡು, ಪಕ್ಕದ ಮನೆಗೆ ಊಟಕ್ಕೆ ಹೋದವನಲ್ಲವೇ ನೀನು ಎಂದರು. ಶೇಷಾದ್ರಿಯವರ ಹಳೆಯ ಅಂಗಿಯನ್ನು ಅವನು ಹಾಸಿಕೊಳ್ಳುತ್ತಿದ್ದನಂತೆ. ವಾಸನೆ ತಡೆಯಲಾರದೆ ಒಂದು ದಿನ ಅದನ್ನು ಒಗೆದು ಹಾಕಿದ್ದಕ್ಕೆ, ಎರಡು ದಿನ ಊಟ ಬಿಟ್ಟು, ಮೂರನೇ ದಿನ ಇವರ ಹೊಸ ಚಪ್ಪಲಿಯಲ್ಲಿ ಎಡಗಾಲಿನದನ್ನು ಮಾತ್ರ ಒಯ್ದು ಚರಂಡಿಗೆ ಹಾಕಿ ಬಂದನಂತೆ. ಇವರು ಬೇರೆ ಜೊತೆ ತಂದರು. ಅದರಲ್ಲೂ ಎಡಗಾಲಿನದೇ ಹೋಯಿತು, ಆಮೇಲೆ ತಂದ ಎರಡು ಜೊತೆಯಲ್ಲೂ ಹಾಗೇ.

“ಬಲಗಾಲಿಂದು ಒಂದು ದಿನ ಮುಟ್ಲಿಲ್ಲ,” ಅಂದರು. “ಮನೆಯಲ್ಲಿ ಈಗ್ಲೂ ನಾಲ್ಕು ಬಲಗಾಲಿನ ಚಪ್ಪಲಿ ಇದಾವೆ.”

ಅಷ್ಟು ಹೊತ್ತೂ ಬೆನ್ನು ಹಾಕಿಕೊಂಡು ಕುಳ್ಳು ಒಟ್ಟುತ್ತಿದ್ದ ನಮ್ಮ ಯಜಮಾನರು, ಪೈಲ್ವಾನನಿಗೆ ಲೆಕ್ಕ ಚೆನ್ನಾಗಿ ಬರ್ತಿತ್ತು ಅನ್ನಿ, ಅಂದರು. ವನಜಾಕ್ಷಮ್ಮನಿಗೆ ಮೊದಲು ತುಟಿಯ ತುದಿಯಲ್ಲಿ ನಗು ಬಂತು, ಆಮೇಲೆ ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು, ನಡುನಡುವೆ ಕಣ್ಣು ಒರೆಸಿಕೊಂಡು ಇನ್ನೊಂದು ತಂಟೆ ಹೇಳಿದರು, ಮತ್ತೆ ನಕ್ಕರು. ನಾನೂ ನಗುತ್ತಲೇ ಮಣ್ಣನ್ನು ತಿಗರಿಗೆ ಹಾಕಿದೆ. ಅಂಥ ನಾಯಿಯ ಕುಡಿಕೆಗೆ ಹೂಬಳ್ಳಿ ಒಪ್ಪುವುದಿಲ್ಲ ಎಂದು ಯಾವ ಚಿತ್ತಾರವನ್ನೂ ಬಿಡಿಸಲಿಲ್ಲ. ಹೊಟ್ಟೆ ಸ್ವಲ್ಪ ಒಳಕ್ಕೆಳೆದು, ಕುತ್ತಿಗೆ ಬಿಗಿಯಾಗಿ, ಗರ್ವದಿಂದ ಕೂತ ಹಾಗೆ ಮಾಡಿದೆ. ಅವರು ನೋಡಿ, ಹೌದು, ಹೀಗೇ ಇದ್ದ, ಅಂದರು.

ಅದು ನೆರಳಲ್ಲಿ ಒಣಗುವ ತನಕವೂ ನನಗೆ ಸಮಾಧಾನವಿರಲಿಲ್ಲ. ಆವಿಗೆ ಹಚ್ಚುವ ದಿನ ಅದನ್ನು ನಡುವೆ ಇಡಬೇಕೋ ಅಂಚಿಗೆ ಇಡಬೇಕೋ ಎಂದು ಗಂಡ ಹೆಂಡತಿ ಜಗಳವನ್ನೇ ಆಡಿದೆವು. ಅವರು ನಡುವೆ ಅಂದರು, ನಾನು ಅಂಚು ಅಂದೆ. ಕೊನೆಗೆ ಅವರ ಮಾತೇ ನಡೆಯಿತು. ಬೆಂಕಿ ಆರಿದಮೇಲೂ ಎರಡು ದಿನ ತೆರೆಯಲಿಲ್ಲ. ವನಜಾಕ್ಷಮ್ಮ ಎರಡೂ ದಿನ ಬಂದು, ಅಂಗಳದ ಆಚೆಯಿಂದಲೇ ನೋಡಿ ಹೋದರು. ಒಳಗೆ ಬನ್ನಿ ಎಂದರೆ, ಇಲ್ಲ, ತರಕಾರಿಗೆ ಬಂದಿದ್ದೆ ಅನ್ನುತ್ತಿದ್ದರು. ಕೈಯಲ್ಲಿ ಚೀಲ ಇರುತ್ತಿರಲಿಲ್ಲ.

ತೆರೆದ ದಿನ ಬೆಳಿಗ್ಗೆ ಅವರು ಮಣೆಯ ಮೇಲೆ ಬಂದು ಕೂತರು. ನಮ್ಮ ಯಜಮಾನರು ಮೇಲಿನ ಬೂದಿ ಸರಿಸಿ, ಒಂದೊಂದೇ ಹೂಜಿ ತೆಗೆದು ನನ್ನ ಕೈಗೆ ಕೊಟ್ಟರು. ಎಲ್ಲವೂ ಬೆಳಗಿನ ತಂಪಿಗೆ ತಣ್ಣಗಾಗಿದ್ದವು. ಕುಡಿಕೆ ಬಂತು. ಬೆರಳಲ್ಲಿ ತಟ್ಟಿ ನೋಡಿದೆ, ಖಣ್ ಅಂದಿತು. ಎಲ್ಲೂ ಒಂದು ಕೂದಲೆಳೆ ಬಿರುಕಿಲ್ಲ. ನನಗೆ ಆದ ಸಂತೋಷ ಇಷ್ಟೇ ಎಂದು ಹೇಳಲಾರೆ. ಆದರೆ ಅದನ್ನು ಹಿಡಿದ ಕೈಗೆ ಗೊತ್ತಾದದ್ದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ, ಅದು ನಾನು ಹೇಳುವ ಮಾತಾಗಿರಲಿಲ್ಲ. ಉಳಿದಿದ್ದ ಒಂದು ಚಿಟಿಕೆ ಬೂದಿಯನ್ನು ಒಳಗೆ ಹಾಕಿ, ಮುಚ್ಚಳ ಕೂರಿಸಿ, ಅವರ ಮುಂದೆ ನೆಲದ ಮೇಲೆ ಇಟ್ಟೆ.

ವನಜಾಕ್ಷಮ್ಮ ತಕ್ಷಣ ಕೈ ಹಾಕಲಿಲ್ಲ. ಸ್ವಲ್ಪ ಮುಂದಕ್ಕೆ ಬಾಗಿದರು, ಕೈ ಚಾಚಿದರು, ಅದು ಎಲ್ಲಿ ಎದ್ದು ಆಚೆ ಹೋಗಿಬಿಡುತ್ತದೋ ಅನ್ನುವಂತೆ ಹಿಂದಕ್ಕೆ ಎಳೆದುಕೊಂಡರು. ಕುಡಿಕೆ ಇದ್ದಲ್ಲೇ ಇತ್ತು. ಮತ್ತೆ ಕೈ ಚಾಚಿ, ಎರಡೂ ಅಂಗೈಗಳನ್ನು ಅದರ ಹೊಟ್ಟೆಗೆ ಆನಿಸಿದರು. ಅವರ ಮುಖವೆಲ್ಲ ಮಗುವಿನ ಮುಖದಂತೆ ಆಯಿತು. ಎತ್ತಿ ಮಡಿಲಿಗೆ ತಂದುಕೊಂಡು, ಸೆರಗು ಹೊದಿಸಿ, ಬಹಳ ಹೊತ್ತು ಹಾಗೇ ಕೂತರು.

“ಇಷ್ಟು ಬೆಚ್ಚಗಿದ್ದನಾ ಇವನು?” ಅಂದರು.